ಬೆಂಕಿಗೆ ಹೆದರಿ ಕಟ್ಟಿದ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುತ್ತದೆ ಗಾದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡಾಯ್ಲ್ಸ್‌ಟೌನ್ ಎಂಬ ಸಣ್ಣ ಊರಿನ ಹೆನ್ರಿ ಚಾಪ್‌ಮನ್ ಮರ್ಸರ್ ಮದುವೆಯ ಗೊಡವೆಗೆ ಹೋಗಲಿಲ್ಲ. ಆದರೆ ಮನೆ ಕಟ್ಟಿದ. ಅದೂ ಎಂತಹ ಮನೆ! 44 ಕೋಣೆಗಳು, 32 ಮೆಟ್ಟಿಲ ಸಾಲುಗಳು, 18 ಅಗ್ಗಿಷ್ಟಿಕೆಗಳು, 10 ಬಚ್ಚಲುಗಳು, ಚಿಕ್ಕವು ದೊಡ್ಡವು ಸೇರಿ 200ಕ್ಕೂ ಹೆಚ್ಚು ಕಿಟಕಿಗಳು. ಇಷ್ಟೆಲ್ಲ ಒಬ್ಬ ಬ್ರಹ್ಮಚಾರಿಗೆ. ಗೋಡೆ, ನೆಲ, ಚಾವಣಿ ಮಾತ್ರವಲ್ಲ, ಪುಸ್ತಕದ ಕಪಾಟು, ಬರೆಯುವ ಮೇಜುಗಳ ತನಕ ಎಲ್ಲವೂ ಕಾಂಕ್ರೀಟಿನವು. ಈ ಮನೆಗೆ ಫಾಂಟ್‌ಹಿಲ್ ಎಂದು ಹೆಸರು.

ಫಿಲಡೆಲ್ಫಿಯಾ ನಗರದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಡಾಯ್ಲ್ಸ್‌ಟೌನ್ ಸಿಗುತ್ತದೆ. ಮರಗಳ ನಡುವೆ ಹುಲ್ಲುಗಾವಲಿನ ಆಚೆಗೆ ಬೂದು ಬಣ್ಣದ ಗೋಪುರಗಳು, ಚಿಮಣಿಗಳು, ಒಂದರ ಮೇಲೊಂದು ಏರಿ ಕುಳಿತಂತಿರುವ ಚಾವಣಿಗಳು ಕಾಣಿಸಿಕೊಳ್ಳುತ್ತವೆ. ಮೊದಲ ನೋಟಕ್ಕೆ ಯೂರೋಪಿನ ಹಳೆಯ ಕೋಟೆಯೊಂದನ್ನು ಯಾರೋ ಎತ್ತಿ ತಂದಿಟ್ಟಂತೆ. ಹತ್ತಿರ ಹೋದಾಗ ಮಾತ್ರ ಅದು ಕಲ್ಲಲ್ಲ, ಸಿಮೆಂಟು ಎಂಬುದು ತಿಳಿಯುತ್ತದೆ. ಪ್ರವಾಸಿಗರು 'ಹುಚ್ಚನ ಕೋಟೆ' ನೋಡಲು ಬಂದವರಂತೆ ನಗುತ್ತ ಒಳಹೊಗುತ್ತಾರೆ. ಹೊರಬರುವಾಗ ಆ ನಗು ಹಾಗೆಯೇ ಉಳಿದಿರುವುದು ಕಡಿಮೆ. ಏಕೆಂದರೆ ಈ ಮನೆಯ ಒಂದೊಂದು ವಿಚಿತ್ರಕ್ಕೂ ಒಂದೊಂದು ಕಾರಣವಿದೆ.

ತಮ್ಮ ಕೈಯಾರೆ, ಯಾರ ಸಲಹೆಗೂ ಕಾಯದೆ, ಲೋಕ ಕಾಣದ ಕಟ್ಟಡ ಕಟ್ಟಿದವರು ಬೇರೆ ಕಡೆಗಳಲ್ಲೂ ಇದ್ದಾರೆ. ಫ್ರಾನ್ಸಿನ ಓತರೀವ್ ಹಳ್ಳಿಯ ಅಂಚೆಯವ ಫರ್ದಿನಾಂ ಶೆವಾಲ್, ಟಪಾಲು ಹಂಚುವ ದಾರಿಯಲ್ಲಿ ಆಯ್ದ ಕಲ್ಲುಗಳಿಂದ 1879ರಿಂದ 1912ರವರೆಗೆ 33 ವರ್ಷ ದುಡಿದು ಒಂದು ಅರಮನೆಯನ್ನೇ ಎಬ್ಬಿಸಿದ. ಅದೇ ದೇಶದ ಶಾರ್ತ್ರ್ ಪಟ್ಟಣದ ಸ್ಮಶಾನದಲ್ಲಿ ಕಸ ಗುಡಿಸುತ್ತಿದ್ದ ರೇಮೋಂ ಇಸಿದೋರ್ ತನ್ನ ಮನೆಯ ಒಳಹೊರಗನ್ನೆಲ್ಲ ಒಡೆದ ಪಿಂಗಾಣಿ ಚೂರುಗಳಿಂದ ಮುಚ್ಚಿದ. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಗುಜರಿ ಸಾಮಾನುಗಳಿಂದ ಗುಟ್ಟಾಗಿ ಕಟ್ಟಿದ ಶಿಲೋದ್ಯಾನ 1976ರಲ್ಲಿ ಜನರಿಗೆ ತೆರೆಯಿತು. ಇವರೆಲ್ಲ ಬಡವರು, ಕಟ್ಟಡ ವಿದ್ಯೆ ಕಲಿಯದವರು. ಮರ್ಸರ್ ಹಾಗಲ್ಲ. ಆತ ಶ್ರೀಮಂತ ಮನೆತನದವನು, ಹಾರ್ವರ್ಡ್ ಪದವೀಧರ, ಪುರಾತತ್ತ್ವಜ್ಞ. ಹೀಗಿದ್ದೂ ಆತ ವಾಸ್ತುಶಿಲ್ಪಿಯನ್ನು ಕರೆಯದೆ ಕೂಲಿಯಾಳುಗಳೊಂದಿಗೆ ನಿಂತು ಮನೆ ಕಟ್ಟಿಸಿದ. ಅದರ ಹಿಂದಿನ ಕಥೆ ಒಂದು ಬೆಂಕಿಯಿಂದ ಆರಂಭವಾಗುತ್ತದೆ.

ಸುಟ್ಟುಹೋದ ಸಂಗ್ರಹ

ಮರ್ಸರ್ ಹುಟ್ಟಿದ್ದು 1856ರಲ್ಲಿ, ಡಾಯ್ಲ್ಸ್‌ಟೌನ್‌ನಲ್ಲಿಯೇ. ಆತನ ತಾಯಿಯ ಸೋದರಿ ಎಲಿಜಬೆತ್ ಲಾರೆನ್ಸ್ ಸಿರಿವಂತೆ. ಆಕೆಯ ಪತಿ ಇಟಲಿಯ ಫ್ಲಾರೆನ್ಸಿನಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿದ್ದವನು. ಮಧ್ಯಯುಗದ ಕವಚಗಳು, ಆಯುಧಗಳ ಅಪರೂಪದ ಸಂಗ್ರಹ ಆತನದಾಗಿತ್ತು. ಆತ ತೀರಿಕೊಂಡ ಮೇಲೆ ಅವು ಬೋಸ್ಟನ್ ನಗರದ ಉಗ್ರಾಣವೊಂದರಲ್ಲಿ ಇದ್ದವು. 1872ರ ನವೆಂಬರ್‌ನಲ್ಲಿ ಬೋಸ್ಟನ್ನಿನ ವ್ಯಾಪಾರಿ ಬಡಾವಣೆಗೆ ಬೆಂಕಿ ಬಿತ್ತು. ನೂರಾರು ಕಟ್ಟಡಗಳು ಬೂದಿಯಾದವು. ಶತಮಾನಗಳ ಯುದ್ಧಗಳನ್ನು ದಾಟಿ ಬಂದಿದ್ದ ಆ ಕವಚಗಳು ಒಂದು ರಾತ್ರಿಯ ಉರಿಯನ್ನು ದಾಟಲಿಲ್ಲ.

ಮರ್ಸರ್‌ಗೆ ಆಗ 16 ವರ್ಷ. ಚಿಕ್ಕಮ್ಮನ ಅಕ್ಕರೆಯಲ್ಲಿ ಬೆಳೆದ ಹುಡುಗ. ಹಳೆಯ ವಸ್ತುಗಳನ್ನು ಕೂಡಿಡುವುದು ಸಾಲದು, ಅವನ್ನು ಸುಡದ ಕಡೆ ಇಡಬೇಕು ಎಂಬ ಮಾತು ಆತನ ಮನಸ್ಸಿನಲ್ಲಿ ನಾಟಿತು. ಮೂರೂವರೆ ದಶಕಗಳ ನಂತರ, 1905ರಲ್ಲಿ ತೀರಿಕೊಂಡ ಅದೇ ಚಿಕ್ಕಮ್ಮ ಬಿಟ್ಟುಹೋದ ಹಣದಿಂದಲೇ ಫಾಂಟ್‌ಹಿಲ್ ಎದ್ದಿತು ಎಂಬುದು ಗಮನಿಸತಕ್ಕ ಸಂಗತಿ.

ನಡುವಿನ ವರ್ಷಗಳಲ್ಲಿ ಮರ್ಸರ್ ಹಲವು ವೇಷ ಹಾಕಿದ. ಕಾನೂನು ಓದಿದ, ವಕೀಲಿಕೆ ಮಾಡಲಿಲ್ಲ. ಯೂರೋಪನ್ನು ಸುತ್ತಿ ಕೋಟೆಕೊತ್ತಲಗಳನ್ನು ನೋಡಿದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಪುರಾತತ್ತ್ವ ವಿಭಾಗ ನೋಡಿಕೊಂಡ. 1895ರಲ್ಲಿ ಮೆಕ್ಸಿಕೋದ ಯುಕಟಾನ್ ಗುಹೆಗಳಲ್ಲಿ ಪ್ರಾಚೀನ ಮಾನವನ ಕುರುಹು ಹುಡುಕಲು ಅಗೆತ ನಡೆಸಿದ.

1897ರಲ್ಲಿ ಆತನ ಬದುಕು ತಿರುಗಿತು. ಅಗ್ಗಿಷ್ಟಿಕೆಗೆ ಒಂದು ಹಳೆಯ ಇಕ್ಕಳ ಬೇಕೆಂದು ಗುಜರಿ ಸಾಮಾನು ಮಾರುವವನ ಬಳಿ ಹೋದ. ಅಲ್ಲಿ ರೈತರ ಮನೆಗಳ ಹರಾಜಿನಲ್ಲಿ ಮೂರು ಕಾಸಿಗೆ ಬಂದ ಸಾಮಾನುಗಳ ರಾಶಿ ಬಿದ್ದಿತ್ತು. ನಾರು ಬಡಿಯುವ ಹಲಗೆ, ಉಪ್ಪಿನ ಪೆಟ್ಟಿಗೆ, ಹುಲ್ಲಿನ ಜೇನುಗೂಡು, ಬಂಡಿಯ ಭಾಗಗಳು. ಭೂಮಿಯನ್ನು ಅಗೆದು ಸತ್ತ ನಾಗರಿಕತೆಯನ್ನು ಹುಡುಕುತ್ತಿದ್ದವನಿಗೆ ಕಣ್ಣೆದುರೇ ಇನ್ನೊಂದು ನಾಗರಿಕತೆ ಸಾಯುತ್ತಿರುವುದು ಕಂಡಿತು. ಅಜ್ಜನ ಕಾಲದಲ್ಲಿ ಮನೆಮನೆಯಲ್ಲಿದ್ದ ಉಪಕರಣಗಳನ್ನು ಕಾರ್ಖಾನೆಯ ಸರಕು ಮೂಲೆಗೆ ತಳ್ಳಿತ್ತು. ಮರ್ಸರ್ ಊರೂರು ತಿರುಗಿ ಬಾಚಿ, ಉಳಿ, ಬೈರಿಗೆ, ರಾಟೆ, ನೇಗಿಲುಗಳನ್ನು ಕೂಡಿಹಾಕತೊಡಗಿದ. ಅಂದು ಇದನ್ನು ಇತಿಹಾಸ ಎಂದು ಕರೆಯಲು ಹೆಚ್ಚು ಜನ ಸಿದ್ಧರಿರಲಿಲ್ಲ. ರಾಜರ ಕತ್ತಿ ಇತಿಹಾಸ, ಬಡಗಿಯ ಕೊಡಲಿ ಗುಜರಿ ಎಂಬ ಕಾಲ ಅದು.

ಹಳೆಯ ಕುಂಬಾರಿಕೆಯೂ ಆಗ ನಂದುತ್ತಿತ್ತು. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕುಂಬಾರರ ವಿದ್ಯೆಯನ್ನು ಉಳಿಸಬೇಕೆಂದು ಮರ್ಸರ್ ತಾನೇ ಮಣ್ಣು ಕಲಸಲು ಕುಳಿತ. ಮಡಕೆ ಕುಡಿಕೆಗಿಂತ ಟೈಲ್‌ಗಳು ಆತನ ಕೈಗೆ ಒಲಿದವು. ಹಳೆಯ ಎರಕದ ಕಬ್ಬಿಣದ ಒಲೆಗಳ ಮೇಲಿದ್ದ ಚಿತ್ರಗಳಿಂದ ವಿನ್ಯಾಸ ಎತ್ತಿಕೊಂಡು ಆತ ತಯಾರಿಸಿದ ಬಣ್ಣದ ಟೈಲ್‌ಗಳಿಗೆ ಬೇಡಿಕೆ ಬಂತು. ಪೆನ್ಸಿಲ್ವೇನಿಯಾ ರಾಜ್ಯದ ಶಾಸನಸಭಾ ಭವನದ ನೆಲದಲ್ಲಿ ಇಂದಿಗೂ ಮರ್ಸರ್‌ನ ಟೈಲ್ ಚಿತ್ರಗಳ ಮೇಲೆ ಜನ ನಡೆಯುತ್ತಾರೆ.

ಒಳಗಿನಿಂದ ಹೊರಗೆ ಕಟ್ಟಿದ ಮನೆ

ಮನೆ ಕಟ್ಟುವವರು ಸಾಮಾನ್ಯವಾಗಿ ಮೊದಲು ಹೊರಗಿನ ಆಕಾರ ಎಳೆದು, ನಂತರ ಅದರೊಳಗೆ ಕೋಣೆಗಳನ್ನು ಹಂಚುತ್ತಾರೆ. ಮರ್ಸರ್ ಇದನ್ನು ತಲೆಕೆಳಗು ಮಾಡಿದ. ಮೇಜಿನ ಮೇಲೆ ಜೇಡಿಮಣ್ಣಿನ ತುಂಡುಗಳನ್ನಿಟ್ಟು, ಒಂದೊಂದು ತುಂಡೂ ಒಂದೊಂದು ಕೋಣೆ ಎಂದು ಭಾವಿಸಿ, ಬೇಕಾದ ಗಾತ್ರಕ್ಕೆ ಕತ್ತರಿಸಿ ಜೋಡಿಸುತ್ತ ಹೋದ. ಈ ಕೋಣೆಗೆ ಬೆಳಗಿನ ಬಿಸಿಲು ಬೇಕು, ಆ ಕೋಣೆಯಿಂದ ಮರ ಕಾಣಬೇಕು, ಇಲ್ಲಿ ಕುಳಿತು ಓದಬೇಕು ಎಂಬ ಲೆಕ್ಕದಲ್ಲಿ ಒಳಮನೆ ಮೊದಲು ರೂಪುಗೊಂಡಿತು. ಎಲ್ಲ ಸೇರಿಸಿದ ಮೇಲೆ ಹೊರಗೆ ಯಾವ ಆಕಾರ ಉಳಿಯಿತೋ ಅದೇ ಮನೆಯ ಮುಖ. ಗೋಪುರ, ಚಾವಣಿಗಳ ಏರುಪೇರಿಗೆ ಕಾರಣ ಇದೇ. ಆ ಜಾಗದಲ್ಲಿ ಮೊದಲೇ ಇದ್ದ 18ನೆಯ ಶತಮಾನದ ರೈತನ ಮನೆಯನ್ನೂ ಆತ ಕೆಡವಲಿಲ್ಲ. ಅದನ್ನು ಹಾಗೆಯೇ ಕಾಂಕ್ರೀಟಿನ ಹೊಟ್ಟೆಯೊಳಗೆ ಸೇರಿಸಿಕೊಂಡ.

ಕೆಲಸ ಆರಂಭವಾದದ್ದು 1908ರಲ್ಲಿ, ಮುಗಿದದ್ದು 1912ರಲ್ಲಿ. ಕೆಲಸಗಾರರು ಎಂಟು ಹತ್ತು ಮಂದಿ. ಅವರಾರೂ ಕಟ್ಟಡದ ಕಸುಬು ಬಲ್ಲವರಲ್ಲ. ದಿನಕ್ಕೆ ಒಂದು ಡಾಲರ್ 75 ಸೆಂಟ್‌ನಂತೆ, ಅಂದಿನ ಸಾಮಾನ್ಯ ದರದ ಕೂಲಿ. ಸಿಮೆಂಟು, ಮರಳು, ಜಲ್ಲಿಗಳನ್ನು ಕೈಯಲ್ಲೇ ಕಲಸುತ್ತಿದ್ದರು. ಕಲಸಿದ್ದನ್ನು ರಾಟೆಯ ಮೂಲಕ ಮೇಲೆತ್ತಲು ಲೂಸಿ ಎಂಬ ಒಂದು ಕುದುರೆ. ಮರ್ಸರ್‌ನ ಮನೆಯ ಕಥೆ ಹೇಳುವವರು ಇಂದಿಗೂ ಲೂಸಿಯ ಹೆಸರು ಬಿಡುವುದಿಲ್ಲ.

ಕಾಂಕ್ರೀಟು ಆಗ ಮನೆ ಕಟ್ಟುವವರ ವಸ್ತುವಾಗಿರಲಿಲ್ಲ. ಕಾರ್ಖಾನೆ, ಸೇತುವೆ, ಉಗ್ರಾಣಗಳಿಗೆ ಅದು ಸರಿ ಎಂಬುದು ಜನರ ಭಾವನೆ. ಆದರೆ ಪೆನ್ಸಿಲ್ವೇನಿಯಾದ ಲೀಹೈ ಕಣಿವೆ ಆ ದೇಶದ ಸಿಮೆಂಟಿನ ತವರಾಗಿತ್ತು. ಸಿಮೆಂಟು ಹತ್ತಿರದಲ್ಲೇ ಸಿಗುತ್ತಿತ್ತು. ಅಂದಹಾಗೆ, ಅದೇ 1908ರಲ್ಲಿ ವಿಜ್ಞಾನಿ ಥಾಮಸ್ ಎಡಿಸನ್ ಕೂಡ ಕಾಂಕ್ರೀಟ್ ಮನೆಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದ್ದ. ಎಡಿಸನ್ನನ ಕನಸು ಒಂದೇ ಅಚ್ಚಿಗೆ ಸುರಿದು ಒಂದೇ ಬಗೆಯ ಸಾವಿರ ಅಗ್ಗದ ಮನೆಗಳನ್ನು ಎರಕ ಹೊಯ್ಯುವುದು. ಮರ್ಸರ್ ಅದೇ ವಸ್ತುವನ್ನು ಹಿಡಿದು ಇನ್ನೊಂದು ದಿಕ್ಕಿಗೆ ನಡೆದ. ಎರಡನೆಯ ಪ್ರತಿಯೇ ಇಲ್ಲದ ಒಂದು ಮನೆ ಆತನಿಗೆ ಬೇಕಾಗಿತ್ತು.

ಚಾವಣಿಗಳನ್ನು ಹಾಕಿದ ರೀತಿ ಇಲ್ಲಿನ ಬೆರಗುಗಳಲ್ಲಿ ಮುಖ್ಯವಾದುದು. ತಾರಸಿ ಹಾಕುವಾಗ ಕೆಳಗೆ ಹಲಗೆ, ಕಂಬ ಕೊಟ್ಟು 'ಸೆಂಟ್ರಿಂಗ್' ಮಾಡುವುದು ನಮಗೆ ಗೊತ್ತು. ಮರ್ಸರ್ ಕಂಬಗಳ ಮೇಲೆ ಹಲಗೆಯ ಅಟ್ಟಣೆ ಕಟ್ಟಿಸಿ, ಅದರ ಮೇಲೆ ಮಣ್ಣು ಗುಡ್ಡೆ ಹಾಕಿಸಿ, ಕಮಾನಿನ ಆಕಾರಕ್ಕೆ ತಟ್ಟಿಸಿದ. ಮಣ್ಣಿನ ಮೇಲೆ ಮರಳು ಹರಡಿಸಿದ. ಮರಳಿನಲ್ಲಿ ಟೈಲ್‌ಗಳನ್ನು ಚಿತ್ರದ ಮುಖ ಕೆಳಗಾಗಿ ಒಂದೊಂದಾಗಿ ಒತ್ತಿದರು. ಮೇಲೆ ಕಬ್ಬಿಣದ ಸರಳು ಹರಡಿ ಕಾಂಕ್ರೀಟು ಸುರಿದರು. ಕಾಂಕ್ರೀಟು ಬಲಿತ ಮೇಲೆ ಕಂಬ ತೆಗೆದರೆ ಮಣ್ಣು ಮರಳೆಲ್ಲ ಉದುರಿ, ತಲೆಯ ಮೇಲೆ ಬಣ್ಣದ ಚಿತ್ರಗಳ ಕಮಾನು ತೆರೆದುಕೊಳ್ಳುತ್ತಿತ್ತು. ಚಿತ್ರವನ್ನು ಬೆನ್ನಿನ ಕಡೆಯಿಂದ, ಕಣ್ಣಿಗೆ ಕಾಣದಂತೆ ಜೋಡಿಸಿ, ಅದು ಹೇಗೆ ಬಂದಿದೆ ಎಂಬುದನ್ನು ಚಾವಣಿ ಬಿಚ್ಚುವ ದಿನವಷ್ಟೇ ತಿಳಿಯುವ ಕೆಲಸ ಅದು. ತಪ್ಪಿದರೆ ತಿದ್ದುವಂತಿರಲಿಲ್ಲ.

ಗೋಡೆಯೇ ಪುಸ್ತಕ

ಒಳಗೆ ಕಾಲಿಟ್ಟವರಿಗೆ ಮೊದಲು ದಿಕ್ಕು ತಪ್ಪುತ್ತದೆ. ಕಿರಿದಾದ ಮೆಟ್ಟಿಲು ಏರಿದರೆ ಇದ್ದಕ್ಕಿದ್ದಂತೆ ಎತ್ತರದ ಕೋಣೆ. ಅಲ್ಲಿಂದ ನಾಲ್ಕು ಮೆಟ್ಟಿಲು ಇಳಿದರೆ ಗೂಡಿನಂತಹ ಮೂಲೆ. ಒಂದೇ ಅಂತಸ್ತಿನಲ್ಲಿ ಎರಡು ಕೋಣೆಗಳ ನೆಲ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಯಾವ ಕಿಟಕಿ ಎಲ್ಲಿ ತೆರೆಯುತ್ತದೆಂದು ಹೇಳಲಾಗದು.

ನಿಧಾನವಾಗಿ ಗೋಡೆಗಳು ಮಾತಾಡತೊಡಗುತ್ತವೆ. ಒಂದು ಚಾವಣಿಯಲ್ಲಿ ಕೊಲಂಬಸ್ ಹೊಸ ನಾಡಿಗೆ ಬಂದ ಕಥೆ. ಇನ್ನೊಂದೆಡೆ ಮೆಕ್ಸಿಕೋದ ಮೇಲೆ ಸ್ಪೇನಿನವರು ನಡೆಸಿದ ದಂಡಯಾತ್ರೆ. ಮತ್ತೊಂದು ಕೋಣೆಯಲ್ಲಿ, ಹೆಂಡತಿಯರನ್ನು ಕೊಂದು ಕೋಣೆಯಲ್ಲಿ ಬಚ್ಚಿಟ್ಟ ನೀಲಿಗಡ್ಡದವನ ಜನಪದ ಕಥೆ. ಮರ್ಸರ್‌ನ ಕಾರ್ಖಾನೆಯ ಟೈಲ್‌ಗಳ ಜೊತೆಗೆ ಪರ್ಷಿಯಾ, ಚೀನಾ, ಸ್ಪೇನ್, ಹಾಲೆಂಡ್ ದೇಶಗಳಿಂದ ತಂದವೂ ಗೋಡೆಯಲ್ಲಿ ಕೂತಿವೆ. ಮೆಸೊಪೊಟೇಮಿಯಾದ, ಸುಮಾರು ನಾಲ್ಕು ಸಾವಿರ ವರ್ಷ ಹಳೆಯ, ಮೊಳೆಯಾಕಾರದ ಲಿಪಿ ಕೊರೆದ ಮಣ್ಣಿನ ಹಲಗೆಗಳೂ ಕಾಂಕ್ರೀಟಿನಲ್ಲಿ ಹುದುಗಿವೆ. ಕಪಾಟುಗಳಲ್ಲಿ ಸಾವಿರಾರು ಪುಸ್ತಕಗಳು. ಹಲವುಗಳ ಅಂಚಿನಲ್ಲಿ ಓದುತ್ತ ಓದುತ್ತ ಮರ್ಸರ್ ಗೀಚಿದ ಟಿಪ್ಪಣಿಗಳು.

ಇಲ್ಲಿ ಒಂದು ವಿಷಯವನ್ನು ಯೋಚಿಸಬೇಕು. ಟೈಲ್ ಎಂದರೆ ಸುಟ್ಟ ಮಣ್ಣು. ಸಿಮೆಂಟು ಎಂದರೆ ಸುಣ್ಣಕಲ್ಲು ಮತ್ತು ಜೇಡಿಯನ್ನು ಗೂಡಿನಲ್ಲಿ 1,400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ಅರೆದ ಪುಡಿ. ಎರಡೂ ಒಮ್ಮೆ ಬೆಂಕಿಯನ್ನು ಹಾದು ಬಂದವು. ಬೆಂಕಿಯಲ್ಲಿ ಚಿಕ್ಕಪ್ಪನ ಸಂಗ್ರಹ ಹೋದುದನ್ನು ಕಂಡಿದ್ದವನು, ಬೆಂಕಿಗೆ ಹೊಸದಾಗಿ ಏನನ್ನೂ ಕೊಡಲಾರದ ವಸ್ತುಗಳಿಂದ ಮನೆ ಕಟ್ಟಿದ. ಮರದ ಕಪಾಟಿನ ಜಾಗಕ್ಕೆ ಕಾಂಕ್ರೀಟಿನ ಕಪಾಟು ಬಂದದ್ದು ಶೋಕಿಗಲ್ಲ.

ಊರಿನವರು ಮಾತ್ರ ನಂಬಲಿಲ್ಲ. ಇಷ್ಟೊಂದು ಅಗ್ಗಿಷ್ಟಿಕೆಗಳ ಮನೆ ಒಂದು ದಿನ ಉರಿದುಹೋಗುವುದೇ ಎಂದು ಆಡಿಕೊಂಡರು. ಮರ್ಸರ್ ವಾದಕ್ಕೆ ಇಳಿಯಲಿಲ್ಲ. ತನ್ನ ಮನೆಯ ಮಾಳಿಗೆಯ ಮೇಲೆಯೇ ಸೌದೆ ಒಟ್ಟಿಸಿ ದೊಡ್ಡ ಬೆಂಕಿ ಹಾಕಿಸಿದ. ಊರೆಲ್ಲ ನೋಡಿತು. ಸೌದೆ ಬೂದಿಯಾಯಿತು, ಮನೆ ಹಾಗೆಯೇ ನಿಂತಿತ್ತು.

ಒಂದು ಮೈಲಿ, ಮೂರು ಕಟ್ಟಡ

ಫಾಂಟ್‌ಹಿಲ್‌ನ ಮಗ್ಗುಲಲ್ಲೇ ಮರ್ಸರ್ 1912ರಲ್ಲಿ ಟೈಲ್ ಕಾರ್ಖಾನೆಯನ್ನು ಅದೇ ರೀತಿ ಕಾಂಕ್ರೀಟಿನಲ್ಲಿ ಕಟ್ಟಿಸಿದ. 1913ರಿಂದ 1916ರ ನಡುವೆ ಊರಿನ ಇನ್ನೊಂದು ತುದಿಯಲ್ಲಿ ತನ್ನ ಉಪಕರಣಗಳ ಸಂಗ್ರಹಕ್ಕೆಂದು ವಸ್ತುಸಂಗ್ರಹಾಲಯ ಎಬ್ಬಿಸಿ, ಸ್ಥಳೀಯ ಇತಿಹಾಸ ಸಂಘಕ್ಕೆ ಒಪ್ಪಿಸಿದ. ಅಲ್ಲಿ ಬಂಡಿಗಳು, ತಿಮಿಂಗಿಲ ಬೇಟೆಯ ದೋಣಿ, ಕುರ್ಚಿ, ತೊಟ್ಟಿಲುಗಳು ಚಾವಣಿಯಿಂದ ತೂಗುತ್ತವೆ. ಸುತ್ತಲಿನ ಗೂಡುಗಳಲ್ಲಿ ಒಂದೊಂದು ಕಸುಬಿನ ಸಲಕರಣೆಗಳು. ಮೂರೂ ಕಟ್ಟಡಗಳು ಒಂದು ಮೈಲಿಯೊಳಗೆ ಇರುವುದರಿಂದ ಪ್ರವಾಸಿಗರು ಆ ದಾರಿಯನ್ನು 'ಮರ್ಸರ್ ಮೈಲಿ' ಎನ್ನುತ್ತಾರೆ. ಸಾಧ್ಯವಾದರೆ ಮೂರನ್ನೂ ನೋಡುವುದು ಒಳಿತು. ಬರಿಯ ಮನೆ ನೋಡಿದರೆ ಮರ್ಸರ್ ವಿಚಿತ್ರ ಮನುಷ್ಯನಂತೆ ಕಾಣುತ್ತಾನೆ. ಬಡಗಿ, ಕಮ್ಮಾರ, ಕುಂಬಾರರ ಕೈಗಳು ಹಿಡಿದು ನುಣುಪಾದ ಆ ಸಾವಿರಾರು ಹಿಡಿಕೆಗಳನ್ನು ನೋಡಿದ ಮೇಲೆ ಆತನ ಆತುರ ಅರ್ಥವಾಗುತ್ತದೆ.

ಮರ್ಸರ್ 1930ರ ಮಾರ್ಚ್ 9ರಂದು ಫಾಂಟ್‌ಹಿಲ್‌ನಲ್ಲಿಯೇ ತೀರಿಕೊಂಡ. ಮಕ್ಕಳಿರಲಿಲ್ಲ. ಮನೆಯನ್ನು ಟೈಲ್ ಮತ್ತು ಚಿತ್ರಗಳ ಸಂಗ್ರಹಾಲಯವಾಗಿ ಉಳಿಸಬೇಕೆಂದು ಟ್ರಸ್ಟ್ ಮಾಡಿದ್ದ. ಅದರಲ್ಲಿ ಒಂದು ಷರತ್ತಿತ್ತು. ತನ್ನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮಹಿಳೆಗೂ ಆಕೆಯ ಪತಿಗೂ ಬದುಕಿರುವ ತನಕ ಅಲ್ಲಿ ವಾಸಿಸುವ ಹಕ್ಕು. ಆಕೆ 1970ರ ದಶಕದ ನಡುವಿನವರೆಗೆ ಆ ಮನೆಯಲ್ಲಿದ್ದಳು. ಕುತೂಹಲದಿಂದ ಬಂದು ಬಾಗಿಲು ತಟ್ಟಿದವರಿಗೆ ಆಗಾಗ ಕೋಣೆಗಳನ್ನು ತೋರಿಸುತ್ತಿದ್ದವಳೂ ಆಕೆಯೇ. ಬೆಂಕಿ ತಡೆಯಲು ಕಾಂಕ್ರೀಟು ಸಾಕಾಗಬಹುದು. ಆದರೆ ಮನೆ ಪಾಳು ಬೀಳದಿರಲು ಅದರಲ್ಲಿ ಒಬ್ಬರು ಒಲೆ ಹಚ್ಚಬೇಕು, ಕಸ ಗುಡಿಸಬೇಕು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ಕೆಲಸ ನಡೆದುದರಿಂದಲೇ ಮನೆ ಮನೆಯಾಗಿ ಉಳಿಯಿತು.

1985ರಲ್ಲಿ ಫಾಂಟ್‌ಹಿಲ್, ವಸ್ತುಸಂಗ್ರಹಾಲಯ ಮತ್ತು ಟೈಲ್ ಕಾರ್ಖಾನೆಗಳಿಗೆ ಅಮೆರಿಕ ಸರ್ಕಾರ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತುಗಳೆಂಬ ಮನ್ನಣೆ ನೀಡಿತು. ಟೈಲ್ ಕಾರ್ಖಾನೆ ಈಗಲೂ ಹಳೆಯ ಪದ್ಧತಿಯಲ್ಲೇ ಟೈಲ್ ಒತ್ತುತ್ತದೆ.

ನೋಡುವ ಬಗೆ

ಫಾಂಟ್‌ಹಿಲ್‌ನಲ್ಲಿ ಪ್ರವಾಸಿಗರು ಸ್ವತಂತ್ರವಾಗಿ ಅಡ್ಡಾಡುವಂತಿಲ್ಲ. ಗೊತ್ತಾದ ಹೊತ್ತಿಗೆ ಸಣ್ಣ ಗುಂಪುಗಳಾಗಿ, ಮಾರ್ಗದರ್ಶಕರೊಂದಿಗೆ ಹೋಗಬೇಕು. ಮೆಟ್ಟಿಲುಗಳು ಬಹಳ, ಅವೂ ಕಿರಿದು. ಮಂಡಿ ನೋವಿನವರಿಗೆ ಕಷ್ಟ. ಕೆಲವರಿಗೆ ಈ ಕಟ್ಟುಪಾಡು ಬೇಸರ ತರಬಹುದು. ಆದರೆ ಇಂತಹ ಮನೆಗಳ ಗಂಡಾಂತರವೇ ಬೇರೆ. ಅರಮನೆಯನ್ನು ಸಾವಿರ ಜನರ ಓಡಾಟಕ್ಕೆಂದು ಕಟ್ಟಿರುತ್ತಾರೆ. ಒಬ್ಬನೇ ಬಾಳಲು ಕಟ್ಟಿಕೊಂಡ ಮನೆಗೆ ಊರಿನ ಜಾತ್ರೆಯೇ ನುಗ್ಗಿದರೆ ತಡೆದೀತೆ? ಕಾಂಕ್ರೀಟಿಗೂ ಅದರದೇ ಶತ್ರುವಿದೆ. ಬಿರುಕಿನಲ್ಲಿ ನೀರಿಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಚಕ್ಕೆ ಏಳುತ್ತದೆ. ಬೆಂಕಿಯನ್ನು ಗೆದ್ದ ಕಟ್ಟಡ ನೀರನ್ನು ಸದಾ ಕಾಯುತ್ತಲೇ ಇರಬೇಕು.

ಒಳಹೋದವರು ಚಾವಣಿಯ ಬಣ್ಣ ನೋಡಿ ಮರುಳಾಗುವುದು ಸಹಜ. ಬಿಡುವಿದ್ದರೆ ಬರಿಗೋಡೆಯನ್ನೂ ಒಮ್ಮೆ ನೋಡಬೇಕು. ಮರ್ಸರ್ ಕಾಂಕ್ರೀಟನ್ನು ನುಣುಪು ಮಾಡಿ ಗಾರೆ ಬಳಿಸಲಿಲ್ಲ. ಅಚ್ಚಿಗೆ ಕಟ್ಟಿದ್ದ ಹಲಗೆಗಳ ಸಂದು, ಮರದ ನಾರಿನ ಗೆರೆಗಳೆಲ್ಲ ಗೋಡೆಯ ಮೇಲೆ ಹಾಗೆಯೇ ಮೂಡಿ ನಿಂತಿವೆ. ಆ ಹಲಗೆಗಳನ್ನು ಜೋಡಿಸಿದವರು, ಕಾಂಕ್ರೀಟು ಕಲಸಿದವರು ಕಸುಬು ಕಲಿಯದ ದಿನಗೂಲಿಯವರು. ಹಲಗೆಯೂ ಇಲ್ಲ, ಅವರೂ ಇಲ್ಲ. ಗೆರೆಗಳು ಮಾತ್ರ ನೂರು ವರ್ಷ ಮೀರಿ ಉಳಿದಿವೆ. ಕೈಯ ಕೆಲಸ ಕಳೆದುಹೋಗಬಾರದೆಂದು ಹಟ ಹಿಡಿದವನ ಮನೆಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಇದನ್ನೇ.